ಬಟವಾಡೆ ಲೆಕ್ಕದಲ್ಲಿ ಮೈನಸ್ ರೂಪಾಯಿ: ಎಕ್ಸೆಲ್‌ನಲ್ಲಿ ತಪ್ಪಿಲ್ಲದೆ ತೋರಿಸುವುದು ಹೇಗೆ

ಮೂಡಿಗೆರೆ, ಸಕಲೇಶಪುರ, ಬೇಲೂರು ಕಡೆ ಚೆಕ್‌ರೋಲನ್ನು (ಕೆಲಸದವರ ಹಾಜರಿ-ಕೂಲಿ ಪಟ್ಟಿ) ಎಕ್ಸೆಲ್‌ಗೆ ಹಾಕಿಕೊಂಡ ತೋಟಗಳಲ್ಲಿ ಹಾಜರಿ ಕೂಡುವುದಕ್ಕಾಗಲಿ ಕೂಲಿ ಗುಣಿಸುವುದಕ್ಕಾಗಲಿ ತೊಂದರೆಯಿಲ್ಲ. ಲೆಕ್ಕ ಎಡವುವುದು ಅಡ್ವಾನ್ಸ್ ಹತ್ತಿರ. ಕೆಲಸದವರು ತೋಟಕ್ಕೆ ಕೊಡಬೇಕಾದ ಬಾಕಿಯೂ ತೋಟ ಅವರಿಗೆ ಕೊಡಬೇಕಾದ ಕೂಲಿಯೂ ಒಂದೇ ಕಾಲಮ್ಮಿನಲ್ಲಿ ಬರುತ್ತವೆ. ಯಾವುದು ಯಾವುದೆಂದು ಹೇಳುವುದು ಅಂಕಿಯ ಮುಂದಿನ ಒಂದು ಸಣ್ಣ ಗೀಟು ಮಾತ್ರ. ಆ ಗೀಟು ಪ್ರಿಂಟಿನಲ್ಲಿ ಮಾಸಿದರೆ, ಜೆರಾಕ್ಸಿನಲ್ಲಿ ಬೀಳದಿದ್ದರೆ, ₹5,000 ಕೊಡಬೇಕಾದವರು ₹5,000 ಪಡೆಯಬೇಕಾದವರಾಗಿಬಿಡುತ್ತಾರೆ. ಶನಿವಾರ ಸಂಜೆ ಬಟವಾಡೆ (ಕೂಲಿ ಹಂಚುವ) ಹೊತ್ತಿಗೆ ಲೆಕ್ಕ ಬರೆಯುವ ರೈಟರನ್ನು "ರೈಟ್ರೇ, ನಂದೆಷ್ಟು ಬಾಕಿ?" ಎಂದು ಕೇಳಿದವರಿಗೆ ತಪ್ಪು ಉತ್ತರ ಹೋಗಬಾರದು. ಅವರ ಕೂಲಿ ದುಡ್ಡಿನ ಮಾತದು.

ಮೈನಸ್ ಮೊತ್ತ ಕಣ್ಣಿಗೆ ಬೀಳುವಂತೆ, ಕೂಡಿದಾಗ ಸರಿಯಾಗಿ ಕೂಡುವಂತೆ, ಕಪ್ಪು-ಬಿಳುಪು ಪ್ರಿಂಟಿನಲ್ಲೂ ಉಳಿಯುವಂತೆ ಮಾಡುವ ಕ್ರಮವನ್ನು ಇಲ್ಲಿ ಕೊಟ್ಟಿದೆ. ಮೊದಲೇ ಒಂದು ಸೂಚನೆ: ಇಲ್ಲಿ ಸೆಲ್, ಫಂಕ್ಷನ್, ಬಣ್ಣಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದಿದೆ. ಶೀಟಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. [ರೆಡ್] ಎಂದಿದ್ದರೆ ಚೌಕ ಬ್ರ್ಯಾಕೆಟ್ಟಿನೊಳಗೆ ಆರ್, ಇ, ಡಿ ಅಕ್ಷರಗಳು. ಇ2 ಎಂದಿದ್ದರೆ ಇ ಕಾಲಮ್ಮಿನ ಎರಡನೇ ಸಾಲು.

ಮೊದಲು ಮೈನಸ್ ಅಂದರೆ ಏನೆಂದು ತೀರ್ಮಾನಿಸಿ

ಫಾರ್ಮ್ಯಾಟ್‌ಗೆ ಕೈಹಾಕುವ ಮೊದಲು ಶೀಟಿನ ಮೇಲ್ಭಾಗದಲ್ಲಿ ಒಂದು ಸಾಲು ಬರೆದಿಡಿ: "ಪ್ಲಸ್ ಅಂದರೆ ತೋಟ ಕೊಡಬೇಕು, ಮೈನಸ್ ಅಂದರೆ ತೋಟಕ್ಕೆ ಬರಬೇಕು." ತಿರುಗಾಮುರುಗಾ ಇಟ್ಟುಕೊಂಡರೂ ಲೆಕ್ಕ ಕೆಡುವುದಿಲ್ಲ, ಆದರೆ ಇಡೀ ಪುಸ್ತಕಕ್ಕೆ ಒಂದೇ ನಿಯಮ ಇರಬೇಕು. ಕೂಲಿ ಶೀಟಿನಲ್ಲಿ ಒಂದು ಅರ್ಥ, ಕಾಫಿ ವ್ಯಾಪಾರದ ಶೀಟಿನಲ್ಲಿ ಇನ್ನೊಂದು ಅರ್ಥ ಇದ್ದರೆ ವರ್ಷದ ಕೊನೆಗೆ ಎರಡನ್ನೂ ಕೂಡಿಸುವವರು ದಾರಿ ತಪ್ಪುತ್ತಾರೆ.

ಒಂದು ಸಣ್ಣ ಶೀಟು ತೆಗೆದುಕೊಳ್ಳೋಣ. ಎ ಕಾಲಮ್ಮಿನಲ್ಲಿ ಹೆಸರು, ಬಿ ಹಿಂದಿನ ಶಿಲ್ಕು (ಉಳಿದ ಬಾಕಿ), ಸಿ ಈ ವಾರದ ಕೂಲಿ, ಡಿ ಕೈಗೆ ಕೊಟ್ಟದ್ದು (ಬಟವಾಡೆಯಾಗಲಿ, ಸಂತೆ ಅಡ್ವಾನ್ಸ್ ಆಗಲಿ, ಕೊಟ್ಟದ್ದೆಲ್ಲ ಇಲ್ಲೇ), ಇ ಉಳಿದ ಶಿಲ್ಕು. ಇ2ರ ಸೂತ್ರ:

=ಬಿ2+ಸಿ2-ಡಿ2

ಲೆಕ್ಕ ಸುಲಭವಾಗಲೆಂದು ದಿನಗೂಲಿ ₹500, ಆರು ದಿನ ಎಂದಿಟ್ಟುಕೊಳ್ಳಿ. ಮೊದಲನೆಯವರ ಹಿಂದಿನ ಶಿಲ್ಕು -6000, ಕೂಲಿ 3000, ಕೈಗೆ 2000, ಉಳಿದದ್ದು -5000. ಎರಡನೆಯವರದು -400, 3000, 2600, ಉಳಿದದ್ದು ಸೊನ್ನೆ. ಮೂರನೆಯವರದು 0, 3000, 2500, ಉಳಿದದ್ದು 500. ಮೂವರದೂ ಕೂಡಿದರೆ -4500, ಅಂದರೆ ತೋಟಕ್ಕೆ ₹4,500 ಬರಬೇಕು.

ಡಿ ಕಾಲಮ್ಮಿನಲ್ಲಿ ಅಂಕಿ ಪ್ಲಸ್ ಆಗಿಯೇ ಇರಬೇಕು, ಏಕೆಂದರೆ ಕಳೆಯುವ ಕೆಲಸ ಸೂತ್ರದ್ದು. "ಕೊಟ್ಟ ದುಡ್ಡಲ್ಲವೇ, ಮೈನಸ್ ಹಾಕೋಣ" ಎಂದು -2000 ಬರೆದರೆ ಮೈನಸ್ಸಿಗೆ ಮೈನಸ್ ಸೇರಿ ಕೂಡಿಕೊಳ್ಳುತ್ತದೆ. ಶಿಲ್ಕು -5000 ಆಗುವ ಬದಲು -1000 ಆಗುತ್ತದೆ, ₹4,000 ವ್ಯತ್ಯಾಸ. ಎರಡು ಸಾವಿರದ ಎಂಟ್ರಿಗೆ ನಾಲ್ಕು ಸಾವಿರ ತಪ್ಪು ಬರುವುದರಿಂದ ಹುಡುಕುವಾಗಲೂ ತಲೆ ಕೆಡುತ್ತದೆ: ವ್ಯತ್ಯಾಸದ ಅರ್ಧದಷ್ಟಿರುವ ಎಂಟ್ರಿಯನ್ನು ಮೊದಲು ಹುಡುಕಿ. ಇದು ಆಗದಂತೆ ತಡೆಯಲು ಡಿ ಕಾಲಮ್ ಆರಿಸಿ, ಡೇಟಾ ಮೆನುವಿನ ಡೇಟಾ ವ್ಯಾಲಿಡೇಶನ್‌ಗೆ ಹೋಗಿ, ಅಲೌ ಎನ್ನುವಲ್ಲಿ ಡೆಸಿಮಲ್, ಅದರ ಕೆಳಗೆ "ಗ್ರೇಟರ್ ದ್ಯಾನ್ ಆರ್ ಈಕ್ವಲ್ ಟು", ಮಿನಿಮಮ್ 0 ಎಂದು ಕೊಡಿ. ಆಮೇಲೆ ಮೈನಸ್ ಟೈಪ್ ಮಾಡಿದರೆ ಎಕ್ಸೆಲ್ ಒಪ್ಪುವುದಿಲ್ಲ.

ಈಗಾಗಲೇ ಒಂದು ಕಾಲಮ್ ಪೂರ್ತಿ ಉಲ್ಟಾ ಚಿಹ್ನೆಯಲ್ಲಿ ತುಂಬಿದ್ದರೆ ಒಂದೊಂದೇ ತಿದ್ದಬೇಕಿಲ್ಲ. ಖಾಲಿ ಸೆಲ್ಲಿನಲ್ಲಿ -1 ಬರೆದು ಕಾಪಿ ಮಾಡಿ, ತಿದ್ದಬೇಕಾದ ಅಂಕಿಗಳನ್ನು ಆರಿಸಿ, ಪೇಸ್ಟ್ ಸ್ಪೆಷಲ್ ತೆರೆದು ಮೇಲಿನ ಗುಂಪಿನಲ್ಲಿ ವ್ಯಾಲ್ಯೂಸ್, ಕೆಳಗಿನ ಗುಂಪಿನಲ್ಲಿ ಮಲ್ಟಿಪ್ಲೈ ಎರಡನ್ನೂ ಗುರುತಿಸಿ ಓಕೆ ಒತ್ತಿ. ವ್ಯಾಲ್ಯೂಸ್ ಬಿಟ್ಟರೆ -1 ಇದ್ದ ಸೆಲ್ಲಿನ ಫಾರ್ಮ್ಯಾಟ್ ಕೂಡ ಬಂದು ಕೂತು, ಇದ್ದ ರೂಪಾಯಿ ಚಿಹ್ನೆ ಹೋಗುತ್ತದೆ.

ಅಂಕಿ ನಿಜವಾಗಿಯೂ ಅಂಕಿಯೇ?

ಫಾರ್ಮ್ಯಾಟ್ ಬದಲಾಯಿಸುವುದು ಕಾಣುವುದನ್ನು ಮಾತ್ರ. ಸೆಲ್ಲಿನೊಳಗಿನ ಬೆಲೆ ಹಾಗೇ ಇರುತ್ತದೆ. ಹಾಗಾಗಿ ಸೆಲ್ಲಿನಲ್ಲಿ ಅಂಕಿ, ಬೇಕಿದ್ದರೆ ಮೈನಸ್, ಇವೆರಡನ್ನು ಮಾತ್ರ ಟೈಪ್ ಮಾಡಿ. ₹, ಕಾಮಾ, "ಬಾಕಿ" ಎಂಬ ಪದ, ಯಾವುದನ್ನೂ ಕೈಯಿಂದ ಸೇರಿಸಬೇಡಿ. "6000 ಬಾಕಿ" ಎಂದು ಬರೆದರೆ ಎಕ್ಸೆಲ್ ಅದನ್ನು ಅಕ್ಷರವೆಂದು ಇಟ್ಟುಕೊಳ್ಳುತ್ತದೆ. ಆಗ =ಬಿ2+ಸಿ2-ಡಿ2 ಸೂತ್ರ ದೋಷ ತೋರಿಸುತ್ತದೆ, ಅದಾದರೂ ಒಳ್ಳೆಯದು. ಆದರೆ ಕಾಲಮ್ಮಿನ ಕೆಳಗಿನ ಸಮ್ ಫಂಕ್ಷನ್ ಅಕ್ಷರವಿರುವ ಸೆಲ್ಲನ್ನು ಸದ್ದಿಲ್ಲದೆ ದಾಟಿ ಹೋಗುತ್ತದೆ. ಮೇಲಿನ ಮೂವರ ಹಿಂದಿನ ಶಿಲ್ಕು ಒಟ್ಟು -6400 ಬರಬೇಕಾದದ್ದು -400 ಎಂದು ಬರುತ್ತದೆ. ದೋಷದ ಗುರುತು ಎಲ್ಲೂ ಇರುವುದಿಲ್ಲ.

(6000) ಎಂದು ಬ್ರ್ಯಾಕೆಟ್ ಹಾಕಿ ಟೈಪ್ ಮಾಡಿದರೆ ಎಕ್ಸೆಲ್ ಅದನ್ನು -6000 ಎಂದೇ ತೆಗೆದುಕೊಳ್ಳುತ್ತದೆ, ತೊಂದರೆಯಿಲ್ಲ. ಆದರೆ 6000- ಎಂದು ಕೊನೆಯಲ್ಲಿ ಗೀಟು ಹಾಕಿದರೆ ಅದು ಅಕ್ಷರ. ಪಿಡಿಎಫ್ ಅಥವಾ ವೆಬ್ ಪುಟದಿಂದ ಕಾಪಿ ಮಾಡಿದ ಅಂಕಿಗಳಲ್ಲಿ ಇನ್ನೊಂದು ಮೋಸ ಇದೆ: ಮೈನಸ್ಸಿನಂತೆ ಕಾಣುವ ಉದ್ದ ಗೀಟು ಕೀಬೋರ್ಡಿನ ಹೈಫನ್ ಆಗಿರುವುದಿಲ್ಲ. ಆ ಗೀಟನ್ನು ಕಾಪಿ ಮಾಡಿ, ಕಂಟ್ರೋಲ್ + ಹೆಚ್ ಒತ್ತಿ ಫೈಂಡ್ ಜಾಗದಲ್ಲಿ ಪೇಸ್ಟ್ ಮಾಡಿ, ರಿಪ್ಲೇಸ್ ಜಾಗದಲ್ಲಿ ಕೀಬೋರ್ಡಿನ ಗೀಟು ಹಾಕಿ ರಿಪ್ಲೇಸ್ ಆಲ್ ಕೊಡಿ. ಬದಲಾದ ಕೂಡಲೇ ಅಂಕಿ ಬಲಕ್ಕೆ ಸರಿದರೆ ಸರಿಯಾಯಿತೆಂದು ಅರ್ಥ. ಅಕ್ಷರ ಎಡಕ್ಕೆ, ಅಂಕಿ ಬಲಕ್ಕೆ ನಿಲ್ಲುವುದು ಎಕ್ಸೆಲ್‌ನ ಸಹಜ ರೂಢಿ. ಕೂಲಿ ಕಾಲಮ್ಮನ್ನು ಯಾರಾದರೂ ಸೆಂಟರ್ ಮಾಡಿದ್ದರೆ ಮೊದಲು ಅದನ್ನು ತೆಗೆಯಿರಿ; ಈ ಸುಳಿವು ಮುಚ್ಚಿಹೋಗುವುದು ಅಲ್ಲಿಯೇ.

ಸೆಲ್ ಮೊದಲೇ ಟೆಕ್ಸ್ಟ್ ಎಂಬ ಫಾರ್ಮ್ಯಾಟಿನಲ್ಲಿದ್ದು ಆಮೇಲೆ ಅಂಕಿ ತುಂಬಿದ್ದರೆ, ಈಗ ಕರೆನ್ಸಿ ಎಂದು ಬದಲಾಯಿಸಿದರೂ ಅದು ಅಕ್ಷರವಾಗಿಯೇ ಉಳಿಯುತ್ತದೆ. ಒಂದು ಕಾಲಮ್ ಆರಿಸಿ, ಡೇಟಾ ಮೆನುವಿನ ಟೆಕ್ಸ್ಟ್ ಟು ಕಾಲಮ್ಸ್ ತೆರೆದು, ಏನೂ ಬದಲಾಯಿಸದೆ ಫಿನಿಶ್ ಒತ್ತಿ. ಇಡೀ ಕಾಲಮ್ ಒಂದೇ ಏಟಿಗೆ ಅಂಕಿಯಾಗುತ್ತದೆ. ಕೊನೆಯಲ್ಲಿ ಗೀಟಿರುವ 6000- ಥರದವೂ ಇದೇ ದಾರಿಯಲ್ಲಿ ಸರಿಹೋಗುತ್ತವೆ; ಮೂರನೇ ಪುಟದ ಅಡ್ವಾನ್ಸ್ಡ್ ಬಟನ್ನಿನಲ್ಲಿ "ಟ್ರೇಲಿಂಗ್ ಮೈನಸ್" ಗುರುತು ಇದೆಯೇ ನೋಡಿಕೊಳ್ಳಿ.

ಬ್ಯಾಂಕಿನ ಸ್ಟೇಟ್‌ಮೆಂಟಿನಲ್ಲಿ ಮೈನಸ್ಸೇ ಇರದೆ ಅಂಕಿಯ ಮುಂದೆ ಡಿಆರ್ (ಡೆಬಿಟ್), ಸಿಆರ್ (ಕ್ರೆಡಿಟ್) ಎಂದು ಬರುವುದುಂಟು. ಬೆಳೆಸಾಲದ ಖಾತೆಯಲ್ಲಿ ಡಿಆರ್ ಬ್ಯಾಲೆನ್ಸ್ ಅಂದರೆ ನೀವು ಬ್ಯಾಂಕಿಗೆ ಕೊಡಬೇಕಾದ ಸಾಲ, ಮೇಲಿನ ನಿಯಮದಂತೆ ಅದು ಪ್ಲಸ್. ಅಂಕಿಗೂ ಅಕ್ಷರಕ್ಕೂ ನಡುವೆ ಜಾಗ ಇದ್ದರೆ ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ಡಿಲಿಮಿಟೆಡ್, ಸ್ಪೇಸ್ ಎಂದು ಆರಿಸಿ ಎರಡು ಕಾಲಮ್ ಮಾಡಿ. ಅಂಕಿ ಬಿ ಕಾಲಮ್ಮಿಗೆ, ಅಕ್ಷರ ಸಿ ಕಾಲಮ್ಮಿಗೆ ಬಂದಿದ್ದರೆ ಪಕ್ಕದ ಖಾಲಿ ಕಾಲಮ್ಮಿನಲ್ಲಿ

=ಇಫ್(ಸಿ2="ಡಿಆರ್",ಬಿ2,-ಬಿ2)

ಎಂದು ಬರೆದು ಕೆಳಗೆ ಎಳೆಯಿರಿ. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸವನ್ನು ಈ ಹೋಲಿಕೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸಿದ್ಧ ಫಾರ್ಮ್ಯಾಟುಗಳು, ಅವುಗಳ ಮಿತಿ

ಇ ಕಾಲಮ್ಮಿನ ಅಂಕಿಗಳನ್ನು ಆರಿಸಿ ಕಂಟ್ರೋಲ್ + 1 ಒತ್ತಿದರೆ ಫಾರ್ಮ್ಯಾಟ್ ಸೆಲ್ಸ್ ಪೆಟ್ಟಿಗೆ ತೆರೆಯುತ್ತದೆ. ನಂಬರ್ ಟ್ಯಾಬಿನಲ್ಲಿ ಕರೆನ್ಸಿ ಆರಿಸಿದರೆ ಬಲಗಡೆ ಮೈನಸ್ ಅಂಕಿ ಹೇಗೆ ಕಾಣಬೇಕೆಂಬ ಚಿಕ್ಕ ಪಟ್ಟಿ ಬರುತ್ತದೆ. ಅದರಲ್ಲಿ ಮೈನಸ್ ಗೀಟು ಇಲ್ಲದೆ ಬರೀ ಕೆಂಪು ಬಣ್ಣದಲ್ಲಿ ತೋರಿಸುವ ಸಾಲು ಒಂದಿದೆ. ಅದನ್ನು ಆರಿಸಲೇಬೇಡಿ. ಸ್ಕ್ರೀನಿನ ಮೇಲೆ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಕಪ್ಪು-ಬಿಳುಪು ಪ್ರಿಂಟರಿನಿಂದ ಹೊರಬಂದ ಹಾಳೆಯಲ್ಲಿ -5000ಕ್ಕೂ 5000ಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಕೆಂಪು-ಹಸಿರು ಗುರುತಿಸಲು ಕಷ್ಟವಾಗುವವರಿಗೆ ಸ್ಕ್ರೀನಿನ ಮೇಲೂ ಅದೇ ಪಾಡು. ಬಣ್ಣ ಇರಲಿ, ಆದರೆ ಅದರ ಜೊತೆಗೆ ಗೀಟೋ ಬ್ರ್ಯಾಕೆಟ್ಟೋ ಇದ್ದೇ ಇರಬೇಕು.

ಲೆಕ್ಕಪತ್ರಗಳಲ್ಲಿ ಬ್ರ್ಯಾಕೆಟ್ ಬಳಸುವ ಕಾರಣವೂ ಇದೇ. ಸಣ್ಣ ಗೀಟು ಮಾಸಬಹುದು, ಹಾಳೆಯ ಗೆರೆಯಲ್ಲಿ ಸೇರಿಹೋಗಬಹುದು. ಅಂಕಿಯ ಎರಡೂ ಬದಿಯ ಬ್ರ್ಯಾಕೆಟ್ ಅಷ್ಟು ಸುಲಭಕ್ಕೆ ಮರೆಯಾಗುವುದಿಲ್ಲ. ಆದರೆ ನಮ್ಮ ಕಡೆಯ ಕಂಪ್ಯೂಟರುಗಳಲ್ಲಿ ಆ ಪಟ್ಟಿಯಲ್ಲಿ ಬ್ರ್ಯಾಕೆಟ್ಟಿನ ಸಾಲು ಕಾಣಿಸದೇ ಇರಬಹುದು. ಎಕ್ಸೆಲ್ ಕೆಟ್ಟಿಲ್ಲ. ಆ ಪಟ್ಟಿಯನ್ನು ಅದು ವಿಂಡೋಸ್‌ನ ಪ್ರಾದೇಶಿಕ ಸೆಟ್ಟಿಂಗಿನಿಂದ ತೆಗೆದುಕೊಳ್ಳುತ್ತದೆ. ಎಕ್ಸೆಲ್ ಮುಚ್ಚಿ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ರೀಜನ್, ಅಲ್ಲಿ ಅಡಿಷನಲ್ ಸೆಟ್ಟಿಂಗ್ಸ್, ಕರೆನ್ಸಿ ಟ್ಯಾಬ್‌ಗೆ ಹೋಗಿ. "ನೆಗೆಟಿವ್ ಕರೆನ್ಸಿ ಫಾರ್ಮ್ಯಾಟ್" ಎಂಬಲ್ಲಿ (₹1.1) ಆರಿಸಿ ಅಪ್ಲೈ ಕೊಟ್ಟು, ಎಕ್ಸೆಲ್ ಮತ್ತೆ ತೆರೆಯಿರಿ.

ಕರೆನ್ಸಿಯ ಕೆಳಗೇ ಇರುವ ಅಕೌಂಟಿಂಗ್ ಫಾರ್ಮ್ಯಾಟ್ ₹ ಚಿಹ್ನೆಯನ್ನು ಸೆಲ್ಲಿನ ಎಡ ಅಂಚಿಗೆ ಒತ್ತಿ, ಅಂಕಿಯನ್ನು ಬಲಕ್ಕೆ ಬಿಟ್ಟು, ಸೊನ್ನೆಯನ್ನು ಒಂದು ಗೀಟಾಗಿ ತೋರಿಸುತ್ತದೆ. ವರ್ಷದ ಜಮಾ-ಖರ್ಚು ಪಟ್ಟಿಗೆ ಅದು ಚೆಂದ. ಬಟವಾಡೆ ಹಾಳೆಗೆ ಬೇಡ ಎನ್ನುವುದು ನಮ್ಮ ಅಭಿಪ್ರಾಯ: ಭಾರತದ ಸೆಟ್ಟಿಂಗಿನಲ್ಲಿ ಮೈನಸ್ಸೂ ಗೀಟು, ಸೊನ್ನೆಯೂ ಗೀಟು ಆಗಿ, ಓದುವವರಿಗೆ ಗೊಂದಲ.

ಸ್ವಂತ ಕೋಡ್: ಇಡೀ ಕೆಲಸದ ಜೀವ ಇಲ್ಲಿದೆ

ಫಾರ್ಮ್ಯಾಟ್ ಸೆಲ್ಸ್ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಕೆಳಗೆ ಕಸ್ಟಮ್ ಇದೆ. ಅದನ್ನು ಆರಿಸಿ, ಟೈಪ್ ಎಂಬ ಖಾನೆಯಲ್ಲಿ ಇರುವುದನ್ನು ಅಳಿಸಿ, ಇದನ್ನು ಬರೆಯಿರಿ:

₹#,##0.00_);[ರೆಡ್](₹#,##0.00);"ಚುಕ್ತಾ"_);[ರೆಡ್]"ಅಂಕಿಯಲ್ಲ: "@

ನೋಡಲು ಉದ್ದ, ಆದರೆ ಅರ್ಧವಿರಾಮ ಚಿಹ್ನೆಗಳು ಇದನ್ನು ನಾಲ್ಕು ಭಾಗ ಮಾಡಿವೆ: ಮೊದಲನೆಯದು ಪ್ಲಸ್ ಅಂಕಿಗೆ, ಎರಡನೆಯದು ಮೈನಸ್ಸಿಗೆ, ಮೂರನೆಯದು ಸೊನ್ನೆಗೆ, ನಾಲ್ಕನೆಯದು ಅಕ್ಷರಕ್ಕೆ. ಈ ಕ್ರಮ ಬದಲಾಗುವುದಿಲ್ಲ.

ಮೊದಲ ಭಾಗದಲ್ಲಿ #,##0.00 ಅಂದರೆ ಕಾಮಾ ಸಹಿತ, ಎರಡು ಪೈಸೆ ಸ್ಥಾನ. ಅದರ ನಂತರದ _) ಗುರುತನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅಡಿಗೆರೆಯ ನಂತರ ಬರುವ ಅಕ್ಷರದಷ್ಟು ಅಗಲದ ಜಾಗ ಬಿಡು ಎಂದು ಅದರ ಅರ್ಥ. ಮೈನಸ್ ಅಂಕಿಯ ಕೊನೆಗೆ ಬ್ರ್ಯಾಕೆಟ್ ಇರುವುದರಿಂದ ಪ್ಲಸ್ ಅಂಕಿಯ ಕೊನೆಗೂ ಅಷ್ಟೇ ಜಾಗ ಬಿಡದಿದ್ದರೆ ಬಿಡಿ-ಹತ್ತು-ನೂರು ಒಂದರ ಕೆಳಗೊಂದು ಕೂರುವುದಿಲ್ಲ, ಕಣ್ಣಲ್ಲಿ ಕೂಡುವಾಗ ಸಾಲು ಜಾರುತ್ತದೆ.

ಎರಡನೇ ಭಾಗದಲ್ಲಿ ಒಂದು ಎಚ್ಚರ ಬೇಕು. ನೀವಾಗಿ ಎರಡನೇ ಭಾಗ ಬರೆದ ಮೇಲೆ ಎಕ್ಸೆಲ್ ತಾನಾಗಿ ಮೈನಸ್ ಗೀಟು ಹಾಕುವುದಿಲ್ಲ. ನೀವು ಬ್ರ್ಯಾಕೆಟ್ ಇಟ್ಟರೆ ಬ್ರ್ಯಾಕೆಟ್, ಗೀಟು ಇಟ್ಟರೆ ಗೀಟು, ಏನೂ ಇಡದಿದ್ದರೆ ಏನೂ ಇಲ್ಲ. ₹#,##0.00;₹#,##0.00 ಎಂದು ಬರೆದರೆ ಎಲ್ಲ ಮೈನಸ್ಸುಗಳೂ ಪ್ಲಸ್ಸಿನಂತೆ ಕಾಣುತ್ತವೆ, ಒಟ್ಟು ಮಾತ್ರ ಬೇರೆ ಬರುತ್ತದೆ. ಅರ್ಧವಿರಾಮ ಹಾಕಿ ಆ ಭಾಗ ಖಾಲಿ ಬಿಟ್ಟರೆ ಮೈನಸ್ ಅಂಕಿ ಕಾಣುವುದೇ ಇಲ್ಲ, ಸೆಲ್ ಖಾಲಿ ಇದ್ದಂತೆ ತೋರುತ್ತದೆ, ಆದರೆ ಒಟ್ಟಿನಲ್ಲಿ ಸೇರಿರುತ್ತದೆ. ಬೇರೆಯವರಿಂದ ಬಂದ ಶೀಟಿನಲ್ಲಿ ಕೂಡಿದ್ದು ಹೊಂದದಿದ್ದರೆ ಕಾಲಮ್ಮಿನ ಕಸ್ಟಮ್ ಕೋಡನ್ನು ಮೊದಲು ತೆರೆದು ನೋಡಿ. ಗೀಟು ಬೇಕೆನ್ನುವವರು ಎರಡನೇ ಭಾಗವನ್ನು [ರೆಡ್]-₹#,##0.00_) ಎಂದು ಮಾಡಿಕೊಳ್ಳಬಹುದು. ಕೊನೆಯ _) ಇಲ್ಲೂ ಇರಲಿ, ಮೊದಲ ಭಾಗದಲ್ಲಿ ಅದು ಇರುವತನಕ ಸಾಲು ಸಮ ಬರಲು ಎರಡೂ ಕಡೆ ಬೇಕು. ಬಣ್ಣದ ಗುರುತು ಯಾವಾಗಲೂ ಭಾಗದ ಮೊಟ್ಟಮೊದಲಿಗೆ ಬರಬೇಕು. ಹೆಸರು ಹೇಳಿ ಕೇಳಬಹುದಾದ ಬಣ್ಣಗಳು ಎಂಟು: ಕಪ್ಪು, ನೀಲಿ, ಸಯಾನ್, ಹಸಿರು, ಮಜೆಂಟಾ, ಕೆಂಪು, ಬಿಳಿ, ಹಳದಿ. ಬಿಳಿ ಹಾಳೆಯ ಮೇಲೆ ಕೆಂಪು ಬಿಟ್ಟರೆ ನೀಲಿ ಸರಿಹೋಗುತ್ತದೆ. ಹಳದಿ, ಸಯಾನ್ ಓದಲಾಗುವುದಿಲ್ಲ.

ಮೂರನೇ ಭಾಗ ಲೆಕ್ಕ ತೀರಿದವರ ಸಾಲಿನಲ್ಲಿ ₹0.00 ಬದಲು "ಚುಕ್ತಾ" ಎಂದು ತೋರಿಸುತ್ತದೆ. ಒಳಗಿನ ಬೆಲೆ ಸೊನ್ನೆಯೇ, ಹಾಗಾಗಿ ಕೂಡಲು ಅಡ್ಡಿಯಿಲ್ಲ. ಪೂರ್ತಿ ಖಾಲಿ ಸೆಲ್ಲಿಗೆ ಇದು ಅನ್ವಯಿಸುವುದಿಲ್ಲ, ಖಾಲಿ ಖಾಲಿಯಾಗಿಯೇ ಇರುತ್ತದೆ.

ನಾಲ್ಕನೆಯದು ಕಾವಲು. ಯಾರಾದರೂ "6000 ಬಾಕಿ" ಎಂದು ಬರೆದ ತಕ್ಷಣ ಸೆಲ್ಲಿನಲ್ಲಿ ಕೆಂಪಾಗಿ "ಅಂಕಿಯಲ್ಲ: 6000 ಬಾಕಿ" ಎಂದು ಕಾಣುತ್ತದೆ. ಸಮ್ ಸದ್ದಿಲ್ಲದೆ ದಾಟಿಹೋಗುವ ಸೆಲ್ಲುಗಳನ್ನು ಹಿಡಿಯಲು ಇದಕ್ಕಿಂತ ಸುಲಭದ ಉಪಾಯವಿಲ್ಲ. ಕೈಯಿಂದ ತುಂಬುವ ಬಿ, ಸಿ, ಡಿ ಕಾಲಮ್ಮುಗಳಿಗೂ ತಪ್ಪದೆ ಹಾಕಿ. ಸೂತ್ರವಿರುವ ಇ ಕಾಲಮ್ಮಿಗಿಂತ ಅಲ್ಲೇ ಇದರ ಅಗತ್ಯ ಜಾಸ್ತಿ. ಅವುಗಳಲ್ಲಿ "ಚುಕ್ತಾ" ಪದ ಹೊಂದದಿದ್ದರೆ ಮೂರನೇ ಭಾಗವನ್ನು "-"_) ಎಂದು ಬದಲಾಯಿಸಿಕೊಳ್ಳಿ. ತಲೆಬರಹದ ಸಾಲನ್ನು ಮಾತ್ರ ಆರಿಸಬೇಡಿ, ಇಲ್ಲದಿದ್ದರೆ ಅಲ್ಲಿ "ಅಂಕಿಯಲ್ಲ: ಶಿಲ್ಕು" ಎಂದು ಬರುತ್ತದೆ.

ಬ್ರ್ಯಾಕೆಟ್ ನೋಡಿ ಅಭ್ಯಾಸವಿಲ್ಲದವರ ಕೈಗೆ ಕೊಡುವ ಚೀಟಿಯಾದರೆ ಮಾತಿನಲ್ಲೇ ಹೇಳುವ ಕೋಡ್ ಮೇಲು:

"ಸಿಗಬೇಕು "₹#,##0;"ಕೊಡಬೇಕು "₹#,##0;"ಚುಕ್ತಾ"

ಪೈಸೆ ಬಿಟ್ಟಿದೆ, ಚಿಹ್ನೆ ಬಿಟ್ಟಿದೆ, ಅರ್ಥ ಉಳಿದಿದೆ. -5000 ಇರುವಲ್ಲಿ "ಕೊಡಬೇಕು ₹5,000" ಎಂದು ಕಾಣುತ್ತದೆ. ಕೆಲಸದವರು ತಾವೇ ಓದಿಕೊಳ್ಳಬಹುದಾದ ಲೆಕ್ಕ ಇದು.

ಕೋಡ್ ಟೈಪ್ ಮಾಡುವಾಗ ಕೀಬೋರ್ಡ್ ಇಂಗ್ಲಿಷಿನಲ್ಲಿರಲಿ, ಉದ್ಧರಣೆಯೊಳಗಿನ ಪದಕ್ಕೆ ಮಾತ್ರ ಕನ್ನಡಕ್ಕೆ ಬದಲಿಸಿ. ಕೋಡಿನ ಸೊನ್ನೆ ಇಂಗ್ಲಿಷ್ ಅಂಕಿಯ 0, ಕನ್ನಡದ ೦ ಅಲ್ಲ. ವಾಟ್ಸಾಪಿನಿಂದಲೋ ವರ್ಡ್ ಫೈಲಿನಿಂದಲೋ ಕೋಡ್ ಕಾಪಿ ಮಾಡಿದರೆ ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿ ಬಂದಿರಬಹುದು. ಅದನ್ನು ಅಳಿಸಿ ಕೀಬೋರ್ಡಿನಿಂದ ಮತ್ತೆ ಒತ್ತಿ. ₹ ಚಿಹ್ನೆಗೆ ಇಂಗ್ಲಿಷ್ (ಇಂಡಿಯಾ) ಕೀಬೋರ್ಡಿನಲ್ಲಿ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿ.

ಫಾಂಟಿನ ವಿಷಯ. ₹ ಚಿಹ್ನೆ ಬಂದದ್ದು 2010ರಲ್ಲಿ, ಅದಕ್ಕೂ ಹಳೆಯ ಫಾಂಟುಗಳಲ್ಲಿ ಅದು ಇಲ್ಲ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಬರೆದ ಕನ್ನಡ ಯೂನಿಕೋಡ್ ಅಲ್ಲದ್ದರಿಂದ ಫಾರ್ಮ್ಯಾಟ್ ಕೋಡಿನೊಳಗೆ ಹಾಕಿದರೆ ಬೇರೆ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗುತ್ತದೆ. ಪದಗಳನ್ನು ಯೂನಿಕೋಡಿನಲ್ಲೇ ಬರೆದು, ಕಾಲಮ್ಮಿಗೆ ನಿರ್ಮಲಾ ಯುಐ ಫಾಂಟ್ ಕೊಡಿ. ಕನ್ನಡವೂ ರೂಪಾಯಿ ಚಿಹ್ನೆಯೂ ಎರಡೂ ಅದರಲ್ಲಿವೆ.

ಲಕ್ಷದ ಕಾಮಾ

ಕೂಲಿ ಲೆಕ್ಕದಲ್ಲಿ ಇದರ ಅಗತ್ಯ ಕಡಿಮೆ, ಕಾಫಿ ಮಾರಾಟದ ಲೆಕ್ಕದಲ್ಲಿ ಬೇಕೇ ಬೇಕು. ಕುಯಿಲಿಗೆ ಮೊದಲೇ ವ್ಯಾಪಾರಿಯಿಂದ ₹8,00,000 ಮುಂಗಡ ಪಡೆದು, ₹4,25,000 ಬೆಲೆಯ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಮಾತ್ರ ಹಾಕಿದ್ದರೆ ವ್ಯಾಪಾರಿಗೆ ಇನ್ನೂ ಕೊಡಬೇಕಾದದ್ದು ₹3,75,000. ಈ ಶೀಟಿನಲ್ಲೂ ನಿಯಮ ಅದೇ, ತೋಟ ಕೊಡಬೇಕಾದದ್ದು ಪ್ಲಸ್: ಮುಂಗಡ 800000, ಮಾಲಿನ ಬೆಲೆ -425000, ಶಿಲ್ಕು 375000. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಮಾಲಿನ ಸಾಲು (₹425,000.00) ಎಂದು ಕಾಣುತ್ತದೆ. ಲಕ್ಷದಲ್ಲಿ ಯೋಚಿಸುವ ನಮಗೆ ಈ ಕಾಮಾ ಓದುವಾಗ ಒಂದು ಕ್ಷಣ ತಡೆಯುತ್ತದೆ, ಸೊನ್ನೆ ಹೆಚ್ಚುಕಡಿಮೆ ಓದುವ ಅಪಾಯವೂ ಇದೆ.

ಸುಲಭದ ದಾರಿ ವಿಂಡೋಸಿನಲ್ಲಿದೆ. ರೀಜನ್ ಪೆಟ್ಟಿಗೆಯಲ್ಲಿ ಫಾರ್ಮ್ಯಾಟನ್ನು ಇಂಗ್ಲಿಷ್ (ಇಂಡಿಯಾ) ಮಾಡಿ, ಅಡಿಷನಲ್ ಸೆಟ್ಟಿಂಗ್ಸ್‌ನಲ್ಲಿ ನಂಬರ್ಸ್ ಟ್ಯಾಬ್ ಮತ್ತು ಕರೆನ್ಸಿ ಟ್ಯಾಬ್ ಎರಡರಲ್ಲೂ ಡಿಜಿಟ್ ಗ್ರೂಪಿಂಗ್ 12,34,56,789 ಇದೆಯೇ ನೋಡಿ. ಆಗ ಅದೇ #,##0.00 ಕೋಡ್ (₹4,25,000.00) ಎಂದು ತೋರಿಸುತ್ತದೆ. ಆದರೆ ಇದು ಫೈಲಿನೊಳಗೆ ಹೋಗುವ ಸೆಟ್ಟಿಂಗ್ ಅಲ್ಲ, ಆ ಕಂಪ್ಯೂಟರಿನದು. ಹಾಸನದ ಆಡಿಟರ್ ಕಚೇರಿಯಲ್ಲಿ ತೆರೆದಾಗ ಕಾಮಾ ಅಲ್ಲಿನ ಸೆಟ್ಟಿಂಗಿನಂತೆ ಬೀಳುತ್ತದೆ.

ಎಲ್ಲಿ ತೆರೆದರೂ ಲಕ್ಷದ ಕಾಮಾ ಬರಬೇಕಾದರೆ ಕಾಮಾವನ್ನು ಕೋಡಿನಲ್ಲೇ ಕಟ್ಟಬೇಕು. ಒಂದು ಕಸ್ಟಮ್ ಕೋಡಿನಲ್ಲಿ ಎರಡು ಷರತ್ತು, ಮೂರನೆಯದಾಗಿ ಉಳಿದದ್ದು, ಇಷ್ಟಕ್ಕೇ ಅವಕಾಶ. ಸಾವಿರ, ಲಕ್ಷ, ಕೋಟಿ ಎಂದು ಪ್ಲಸ್ಸಿಗೇ ಮೂರೂ ಖರ್ಚಾಗಿ ಮೈನಸ್ಸಿಗೆ ಜಾಗ ಉಳಿಯುವುದಿಲ್ಲ. [>=10000000] ಎಂದು ಶುರುವಾಗುವ, ಕೈಯಿಂದ ಕೈಗೆ ಓಡಾಡುವ ಕೋಡುಗಳು ಮೈನಸ್ ಬಂದ ಕೂಡಲೇ ಸಾವಿರದ ಕಾಮಾಗೆ ಮರಳುವುದು ಇದೇ ಕಾರಣಕ್ಕೆ. ಪರಿಹಾರ ಕಂಡಿಷನಲ್ ಫಾರ್ಮ್ಯಾಟಿಂಗ್.

ಮೊದಲು ಕಾಲಮ್ಮಿಗೆ ಮಾಮೂಲಿ ಕೋಡ್ ಹಾಕಿ: ₹#,##0.00_);(₹#,##0.00). ನಂತರ ಇ2ರಿಂದ ಕೆಳಗೆ ಆರಿಸಿ, ಹೋಮ್ ಮೆನುವಿನ ಕಂಡಿಷನಲ್ ಫಾರ್ಮ್ಯಾಟಿಂಗ್, ನ್ಯೂ ರೂಲ್, ಪಟ್ಟಿಯ ಕೊನೆಯ "ಯೂಸ್ ಎ ಫಾರ್ಮುಲಾ" ಆರಿಸಿ =ಎಬಿಎಸ್(ಇ2)>=100000 ಎಂದು ಬರೆಯಿರಿ. ಫಾರ್ಮ್ಯಾಟ್ ಬಟನ್ನಿನ ನಂಬರ್ ಟ್ಯಾಬಿನಲ್ಲಿ ಕಸ್ಟಮ್ ಆರಿಸಿ

₹##\,##\,##0.00_);(₹##\,##\,##0.00)

ಕೊಡಿ. ಇನ್ನೊಂದು ರೂಲ್ =ಎಬಿಎಸ್(ಇ2)>=10000000, ಅದರ ಕೋಡ್

₹##\,##\,##\,##0.00_);(₹##\,##\,##\,##0.00)

ಕೋಟಿಯ ರೂಲ್ ಪಟ್ಟಿಯಲ್ಲಿ ಮೇಲಿರಬೇಕು. ಮ್ಯಾನೇಜ್ ರೂಲ್ಸ್‌ನಲ್ಲಿ ಬಾಣದ ಗುರುತಿನಿಂದ ಮೇಲೆ ಸರಿಸಿ. ಎಬಿಎಸ್ ಚಿಹ್ನೆ ಬಿಟ್ಟು ಗಾತ್ರ ಮಾತ್ರ ನೋಡುವುದರಿಂದ ಪ್ಲಸ್ಸಿಗೂ ಮೈನಸ್ಸಿಗೂ ಒಂದೇ ರೂಲ್ ಸಾಕು. ಕಾಮಾದ ಹಿಂದಿನ ಓರೆಗೀಟು "ಈ ಕಾಮಾವನ್ನು ಹಾಗೇ ಇಲ್ಲೇ ಹಾಕು" ಎನ್ನುವ ಗುರುತು. ಅದು ತಪ್ಪಿದರೆ ಮತ್ತೆ ಮೂರು-ಮೂರು ಅಂಕಿಯ ಗುಂಪೇ.

ಗೂಗಲ್ ಶೀಟ್ಸ್‌ನಲ್ಲಿ ಕಂಡಿಷನಲ್ ಫಾರ್ಮ್ಯಾಟಿಂಗ್ ಬಣ್ಣ ಬದಲಿಸುತ್ತದೆಯೇ ಹೊರತು ಅಂಕಿಯ ಕೋಡ್ ಬದಲಿಸುವುದಿಲ್ಲ, ಆದ್ದರಿಂದ ಈ ಉಪಾಯ ಅಲ್ಲಿ ನಡೆಯದು. ಬ್ರ್ಯಾಕೆಟ್ ಮಟ್ಟಿಗಾದರೆ ಅಲ್ಲಿ ಕೆಲಸ ಹಗುರ: ಫಾರ್ಮ್ಯಾಟ್ ಮೆನು, ನಂಬರ್, ಅಕೌಂಟಿಂಗ್ ಅಥವಾ ಫೈನಾನ್ಶಿಯಲ್ ಎರಡೂ ಮೈನಸ್ಸನ್ನು ಬ್ರ್ಯಾಕೆಟ್ಟಿನಲ್ಲೇ ತೋರಿಸುತ್ತವೆ. ಸ್ವಂತ ಕೋಡಿಗೆ ಅದೇ ಪಟ್ಟಿಯ ಕಸ್ಟಮ್ ನಂಬರ್ ಫಾರ್ಮ್ಯಾಟ್ ಇದೆ. ₹ ಬರದೆ ಡಾಲರ್ ಬಂದರೆ ಫೈಲ್, ಸೆಟ್ಟಿಂಗ್ಸ್‌ನಲ್ಲಿ ಲೊಕೇಲನ್ನು ಇಂಡಿಯಾ ಮಾಡಿ. ಲಿಬ್ರೆ ಆಫೀಸ್ ಕ್ಯಾಲ್ಕ್ ಬಳಸುವವರಿಗೆ ಇಷ್ಟೆಲ್ಲ ಸರ್ಕಸ್ ಬೇಡ, ಅಲ್ಲಿ ₹#,##,##0.00 ಎಂದು ಬರೆದರೆ ಲಕ್ಷದ ಕಾಮಾ ಸೀದಾ ಬರುತ್ತದೆ.

ಇನ್ನು ಕೆಲವು ಕಡೆ ಎಡವುವುದು

ಸೆಲ್ಲಿನಲ್ಲಿ ##### ಬಂದರೆ ಲೆಕ್ಕ ತಪ್ಪಿಲ್ಲ, ಕಾಲಮ್ ಸಾಲದು. ಬ್ರ್ಯಾಕೆಟ್, ₹, ಪೈಸೆ ಸೇರಿ ಅಂಕಿ ಅಗಲವಾಗಿದೆ. ಕಾಲಮ್ ತಲೆಯ ಬಲ ಅಂಚಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ.

"ಚುಕ್ತಾ" ಬರಬೇಕಾದಲ್ಲಿ (₹0.00) ಬಂದರೆ ಒಳಗೆ ಸೊನ್ನೆಗಿಂತ ಕೂದಲೆಳೆಯಷ್ಟು ಕಡಿಮೆ ಬೆಲೆ ಇದೆ. ಅರ್ಧ ದಿನ, ಓವರ್‌ಟೈಮ್, ಕೆಜಿ ಲೆಕ್ಕದ ಕುಯಿಲು ಕೂಲಿ ಇವುಗಳ ಭಾಗಾಕಾರದಲ್ಲಿ ಪೈಸೆಯ ಚೂರುಗಳು ಉಳಿಯುತ್ತವೆ. ದಶಮಾಂಶಗಳನ್ನು ಕಂಪ್ಯೂಟರ್ ಎರಡರ ಘಾತದಲ್ಲಿ ಇಟ್ಟುಕೊಳ್ಳುವುದರಿಂದಲೂ ಉಳಿಯುತ್ತವೆ. ಫಾರ್ಮ್ಯಾಟಿನಿಂದ ಇದು ಹೋಗುವುದಿಲ್ಲ. ಸೂತ್ರವನ್ನೇ =ರೌಂಡ್(ಬಿ2+ಸಿ2-ಡಿ2,2) ಎಂದು ಬದಲಾಯಿಸಿ.

ಚೀಟಿಯ ವಾಕ್ಯದೊಳಗೆ ಶಿಲ್ಕನ್ನು ಸೇರಿಸಲು ="ಉಳಿದ ಶಿಲ್ಕು "&ಇ2 ಎಂದು ಬರೆದರೆ ಬರೀ -5000 ಬರುತ್ತದೆ, ಫಾರ್ಮ್ಯಾಟ್ ಬರುವುದಿಲ್ಲ. ಅಲ್ಲಿ ="ಉಳಿದ ಶಿಲ್ಕು "&ಟೆಕ್ಸ್ಟ್(ಇ2,"₹#,##0.00;(₹#,##0.00)") ಬೇಕು. ಬಣ್ಣ ಇಲ್ಲಿ ಕೆಲಸ ಮಾಡುವುದಿಲ್ಲ.

ಪಿವಟ್ ಟೇಬಲ್ಲಿನಲ್ಲಿ (ಅಂಕಿಗಳನ್ನು ಗುಂಪು ಮಾಡಿ ಒಟ್ಟು ತೋರಿಸುವ ಪಟ್ಟಿ) ಮೂಲ ಶೀಟಿನ ಫಾರ್ಮ್ಯಾಟ್ ಹಿಂಬಾಲಿಸದೇ ಇರಬಹುದು. ಅಂಕಿಯ ಮೇಲೆ ಬಲ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಸೆಲ್ಸ್ ಬಿಟ್ಟು, ನಂಬರ್ ಫಾರ್ಮ್ಯಾಟ್ ಎಂಬುದನ್ನೇ ಆರಿಸಿ ಕೋಡ್ ಹಾಕಿದರೆ ರಿಫ್ರೆಶ್ ಆದಮೇಲೂ ಉಳಿಯುತ್ತದೆ.

ನೀವು ಬರೆದ ಕಸ್ಟಮ್ ಕೋಡ್ ಆ ಫೈಲಿಗೆ ಮಾತ್ರ ಸೇರಿದ್ದು. ಹೊಸ ಫೈಲ್ ತೆರೆದಾಗ ಪಟ್ಟಿಯಲ್ಲಿ ಇರುವುದಿಲ್ಲ. ಖಾಲಿ ಚೆಕ್‌ರೋಲ್ ಒಂದಕ್ಕೆ ಎಲ್ಲ ಫಾರ್ಮ್ಯಾಟ್, ವ್ಯಾಲಿಡೇಶನ್, ರೂಲುಗಳನ್ನು ಹಾಕಿ ಎಕ್ಸೆಲ್ ಟೆಂಪ್ಲೇಟ್ ಆಗಿ ಸೇವ್ ಮಾಡಿಟ್ಟು, ಪ್ರತಿ ತಿಂಗಳು ಅದರಿಂದಲೇ ಶುರು ಮಾಡಿ.

ಲೆಕ್ಕವನ್ನು ಟ್ಯಾಲಿಗೋ ಬೇರೆ ಸಾಫ್ಟ್‌ವೇರಿಗೋ ಕಳಿಸಲು ಸಿಎಸ್‌ವಿ ಫೈಲ್ (ಕಾಮಾದಿಂದ ಬೇರ್ಪಡಿಸಿದ ಬರೀ ಅಕ್ಷರದ ಫೈಲ್) ಮಾಡುವವರು ಗಮನಿಸಿ: ಸಿಎಸ್‌ವಿಗೆ ಹೋಗುವುದು ಸೆಲ್ಲಿನೊಳಗಿನ ಬೆಲೆಯಲ್ಲ, ಕಣ್ಣಿಗೆ ಕಾಣುವ ರೂಪ. "ಚುಕ್ತಾ", "ಕೊಡಬೇಕು ₹5,000" ಎಂದೇ ಹೋಗಿ, ಆ ಕಡೆ ಅಂಕಿಯಾಗಿ ಒಳಗೆ ಬರುವುದಿಲ್ಲ. ಮೂಲ ಫೈಲನ್ನು ಮುಟ್ಟದೆ ಒಂದು ನಕಲು ಮಾಡಿ, ಹಣದ ಕಾಲಮ್ಮುಗಳನ್ನೆಲ್ಲ 0.00 ಎಂಬ ಕೋಡಿಗೆ ತನ್ನಿ. ಮೈನಸ್ಸುಗಳು -5000.00 ಎಂದು ಗೀಟಿನೊಂದಿಗೆ ಕಾಣುತ್ತಿವೆಯೇ ನೋಡಿ, ಆಮೇಲೆ ಸೇವ್ ಆ್ಯಸ್‌ನಲ್ಲಿ ಸಿಎಸ್‌ವಿ ಯುಟಿಎಫ್-8 ಆರಿಸಿ. ಬರೀ ಸಿಎಸ್‌ವಿ ಆರಿಸಿದರೆ ಎ ಕಾಲಮ್ಮಿನ ಕನ್ನಡ ಹೆಸರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.